ನೀರು ಕುಡಿಯೋ ಹೊತ್ತು

ಆ ಮನೆಯಲ್ಲಿ ಯಾವ ಸಿನಿಮಾವೇ ಆಗಲಿ, ಮೊದಲು ಊಟದ ಮೇಜಿನ ಮೇಲೆ ಪಾಸಾಗಬೇಕಿತ್ತು. ಮನೆಯ ಮಗ ಇದ್ದಷ್ಟು ಕಾಲ ಆ ಕೆಲಸ ಅವನದೇ. ಮೊದಲು ತಾನೊಬ್ಬನೇ ನೋಡಿ ಬರುವನು. ಊಟಕ್ಕೆ ಕೂತಾಗ ಕಥೆ ಹೇಳುವನು. ಕೈ ಒಣಗಿದರೂ ಕಥೆ ಮುಗಿಯುತ್ತಿರಲಿಲ್ಲ. ಕೇಳಿದ ಮೇಲೆ ಅವನ ಅಮ್ಮ "ನಡೆಯುತ್ತೆ" ಅಥವಾ "ಬೇಡ" ಅನ್ನುವರು. ನಡೆಯುವಂಥದ್ದನ್ನು ಭಾನುವಾರ ಎಲ್ಲರೂ ಟೀವಿ ಮುಂದೆ ಕೂತು ನೋಡುವುದು. ಆಗಲೂ ಅವನ ಕಾವಲು ಮುಗಿಯುತ್ತಿರಲಿಲ್ಲ. ಮಗಳ ಕಣ್ಣಿಗೆ ಬೀಳಬಾರದ್ದು ಬರುವುದಕ್ಕೆ ಅರೆನಿಮಿಷ ಮೊದಲು, "ನೀರು ಕುಡಿಯೋ ಹೊತ್ತು!" ಎಂದು ಕೂಗುವನು. ಹುಡುಗಿ ಅಡುಗೆಮನೆಗೆ ಓಡಿ, ತಾನು ಕುಡಿದು, ಎಲ್ಲರಿಗೂ ಒಂದೊಂದು ಲೋಟ ತುಂಬಿ ತರುವಷ್ಟರಲ್ಲಿ ಪರದೆಯ ಮೇಲೆ ಹೆಣವೋ ಮುತ್ತೋ, ಬಂದದ್ದು ಹೋಗಿರುತ್ತಿತ್ತು.

ಸಿನಿಮಾ ಅಂದರೆ ನಡುವೆ ನೀರು ಕುಡಿಯೋ ಹೊತ್ತು ಇದ್ದೇ ಇರುತ್ತದೆ ಎಂದು ಹುಡುಗಿ ಒಂಬತ್ತು ವರ್ಷದವರೆಗೂ ನಂಬಿದ್ದಳು. ಗೆಳತಿಯ ಮನೆಯಲ್ಲಿ ಯಾರೂ ಏಳದ್ದನ್ನು ಕಂಡು, "ನಿಮಗೆಲ್ಲ ಬಾಯಾರಿಕೆನೇ ಆಗಲ್ವಾ?" ಎಂದು ಕೇಳಿ ಬಂದಿದ್ದಳು.

ಅವನು ತೀರಿಹೋಗಿ ಎರಡು ವರ್ಷವಾಗಿತ್ತು. ಟೀವಿ ಇತ್ತು, ಮೇಜು ಇತ್ತು, ಐದು ಲೋಟಗಳೂ ಇದ್ದವು. ಸಿನಿಮಾ ಮಾತ್ರ ಮನೆಯೊಳಗೆ ಬಂದಿರಲಿಲ್ಲ.

ಉಳಿದವರು ನಾಲ್ವರು. ಮಾವನಿಗೆ ಬೀದಿ ಮೂಲೆಯಲ್ಲಿ ಬೀಗ ರಿಪೇರಿಯ ಅಂಗಡಿ. ಅತ್ತೆ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯವರ ಬಟ್ಟೆ ಹೊಲಿಯುವವರು. ಸೊಸೆ ರಸ್ತೆಯ ಕೊನೆಯ ಶಾಲೆಯಲ್ಲಿ ಲೈಬ್ರರಿ ನೋಡಿಕೊಳ್ಳುತ್ತಿದ್ದಳು. ಮಕ್ಕಳು ಅವಳಿಗೆ 'ಶ್ ಮೇಡಂ' ಎಂದು ಹೆಸರಿಟ್ಟಿದ್ದರು. ಅವಳ ಮಗಳು ಅದೇ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಮನೆಯಲ್ಲಿ ಸೂಜಿ. ಹೆಸರಿಟ್ಟದ್ದು ಅಜ್ಜಿ. ಕಾರಣ ಕೇಳಿದರೆ, "ತೆಳ್ಳಗಿದ್ದಾಳೆ, ಎಲ್ಲಿಟ್ರೂ ಚುಚ್ತಾಳೆ, ಬೇಕಾದಾಗ ಕೈಗೆ ಸಿಗಲ್ಲ" ಅನ್ನುವರು.

ಒಂದು ಶುಕ್ರವಾರ ಸಂಜೆ ಸೂಜಿ ಊಟಕ್ಕೆ ಕೂತವಳೇ ಚಮಚದಿಂದ ಲೋಟಕ್ಕೆ ಟಣ್ ಎಂದು ಬಡಿದಳು.

"ಎಲ್ಲರೂ ಕೇಳಿ. ಈ ವರ್ಷ ಶಾಲೇಲಿ ಜೇನುನೊಣ ಇಲ್ಲ."

"ಅಯ್ಯೋ, ಪಾಪ! ಏನಾಯ್ತು?" ಎಂದರು ಅತ್ತೆ.

"ಅಜ್ಜೀ, ಪ್ರತಿವರ್ಷ ಪರೀಕ್ಷೆ ಮುಗಿದ ದಿನ ತೋರಿಸ್ತಾರಲ್ಲ, 'ಜೇನುನೊಣದ ಜೀವನ', ಅದು. ನಾಲ್ಕು ವರ್ಷ ನೋಡಿದೀನಿ. ಒಂದೊಂದು ನೊಣನೂ ಗುರುತು ಸಿಗುತ್ತೆ. ಈ ಸಲ ಸಿನಿಮಾ ನಾವೇ ಆರಿಸಬಹುದು ಅಂತ ದೊಡ್ಡ ಮೇಡಂ ಒಪ್ಪಿದ್ರು. ಓಟು ಹಾಕಿದ್ವಿ. ನಾನು ಹೇಳಿದ ಸಿನಿಮಾಗೆ ಮೂವತ್ತೊಂದು ಓಟು, ಜೇನುನೊಣಕ್ಕೆ ಎರಡು."

"ಯಾರಪ್ಪ ಆ ಇಬ್ಬರು?" ಎಂದರು ಮಾವ.

"ಒಬ್ಬ ನಿದ್ದೆ ಮಾಡ್ತಿದ್ದ. ಇನ್ನೊಬ್ಬ ಔಷಧಿ ಅಂಗಡಿಯವರ ಮಗ. ಅವನಿಗೆ ಅಪ್ಪನ ಭಯ."

ಸಿನಿಮಾದ ಹೆಸರು 'ಒಳಗಿನಿಂದ ಬೀಗ'. ಸೂಜಿ ಕನ್ನಡಕದ ಗೆಳತಿಯೊಬ್ಬಳ ಮನೆಯಲ್ಲಿ ಅದನ್ನು ನೋಡಿದ್ದಳು. ಉಳಿದ ಮೂವತ್ತು ಜನಕ್ಕೆ ಮೂರು ದಿನ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಬೆಂಚಿನ ಮೇಲೆ ನಿಂತು ಕಥೆ ಹೇಳಿದ್ದಳು. ಬರೀ ಕಥೆ ಕೇಳಿಯೇ ಅವರು ಓಟು ಹಾಕಿದ್ದರು. ಬೆಂಚಿನ ಸಂಗತಿ ಸೊಸೆಗೆ ಹೊಸದು. ಎರಡು ವರ್ಷದಿಂದ ಮಗಳು ಶಾಲೆಯಲ್ಲಿ ಕೈ ಎತ್ತುವುದಿಲ್ಲ, ಏನೂ ಕೇಳುವುದಿಲ್ಲ ಎಂದು ಟೀಚರುಗಳು ಹೇಳುತ್ತಲೇ ಇದ್ದರು.

"ಹೇಳು ಮತ್ತೆ, ನಮಗೂ ಹೇಳು," ಎಂದರು ಅತ್ತೆ, ಸೂಜಿಯ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕುತ್ತ.

ಮೂವರು ಕಳ್ಳರು. ಒಡವೆ ಅಂಗಡಿಯವನು ಊರಲ್ಲಿಲ್ಲದಾಗ ಅವನ ಮನೆಗೆ ನುಗ್ಗುತ್ತಾರೆ. ಉಕ್ಕಿನ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಒಳಗೆ ಅವನ ಮುದಿ ತಾಯಿ ಇದ್ದಾಳೆ. ಅವಳು ಇವರನ್ನು ರಿಪೇರಿಯವರೆಂದು ತಿಳಿದು ಎರಡು ದಿನ ನಲ್ಲಿ, ಫ್ಯಾನು, ಅಟ್ಟ ಎಲ್ಲ ಮಾಡಿಸುತ್ತಾಳೆ. ಕೊನೆಗೆ ಬಾಗಿಲು ತೆರೆದಾಗ ಕಳ್ಳರು ಪೊಲೀಸರ ಕೈಗೆ, ಮುದುಕಿ ಚಿನ್ನದ ಚೀಲ ಹಿಡಿದು ಬಸ್ಸಿಗೆ.

"ನಡೆಯುತ್ತೆ!" ಎಂದರು ಅತ್ತೆ, ಬಸ್ಸು ಹೊರಡುವ ಮೊದಲೇ.

"ಇನ್ನೂ ಇಲ್ಲ ಅಜ್ಜಿ. ಒಂದು ಯೋಗ್ಯತಾ ಪತ್ರ ಬೇಕು. ಹದಿಹರೆಯದವರು ನೋಡಬಹುದಾ ಇಲ್ವಾ ಅಂತ ಬರೆದು ಸಹಿ ಹಾಕಬೇಕು." ಸೂಜಿ ತಾಯಿಯ ಕಡೆ ತಿರುಗಿದಳು. "ಬರೆಯೋರು ಲೈಬ್ರರಿ ಮೇಡಂ ಅಂತೆ."

ಸೊಸೆ ಮಗಳಿಗೆ ನೀರು ಬಗ್ಗಿಸುತ್ತಿದ್ದಳು. "ಬೇಡ ಅನಿಸಿದರೆ ಬೇಡ ಅಂತಲೇ ಬರೀತೀನಿ."

"ಬರಿ. ಆದರೆ ನನ್ನಮ್ಮ ಆಗಿ ನೋಡಬೇಡ. ಮೇಡಂ ಆಗಿ ನೋಡು."

"ಅಮ್ಮ ಆಗಿ ನೋಡಿದರೆ ಏನಾಗುತ್ತೆ?"

ಸೂಜಿ ಮೊಟ್ಟೆಯನ್ನು ಪೂರ್ತಿ ಬಾಯಿಗೆ ತುಂಬಿಕೊಂಡಳು.

ಭಾನುವಾರ ಮಧ್ಯಾಹ್ನ ಎರಡು ವರ್ಷದ ಮೇಲೆ ಮೊದಲ ಸಲ ನಾಲ್ವರೂ ಟೀವಿ ಮುಂದೆ ಕೂತರು. ಸೊಸೆಯ ತೊಡೆಯ ಮೇಲೆ ಶಾಲೆಯ ಕಾಗದ. ಅದರಲ್ಲಿ ಕಾಲಂಗಳು: ಹಿಂಸೆ, ಬೈಗುಳ, ಕುಡಿತ, ತಪ್ಪಿಗೆ ಶಿಕ್ಷೆಯಾಗುತ್ತದೆಯೇ. ಕೊನೆಯದು: ಹಾಸ್ಯ ಆರೋಗ್ಯಕರವೇ. ಅದರ ಕೆಳಗೆ 'ಚಿತ್ರವನ್ನು ಪೂರ್ತಿ ನೋಡಿದ್ದೇನೆ' ಎಂಬ ಸಾಲು, ಸಹಿಗೆ ಜಾಗ.

ಅತ್ತೆ ಗುಂಡಿ ಡಬ್ಬ ಮತ್ತು ಒಂದು ಸ್ಟೀಲ್ ಬಟ್ಟಲು ತಂದರು. "ಬೈಗುಳ ನಾನು ಎಣಿಸ್ತೀನಿ. ಸಣ್ಣದಕ್ಕೆ ಅಂಗಿ ಗುಂಡಿ, ದೊಡ್ಡದಕ್ಕೆ ಕೋಟಿನ ಗುಂಡಿ."

ಮೊದಲ ಹತ್ತು ನಿಮಿಷ ಬಟ್ಟಲು ಟಿಣ್ ಟಿಣ್ ಎನ್ನುತ್ತಲೇ ಇತ್ತು. ಆಮೇಲೆ ಮುದುಕಿ ತೆರೆಯ ಮೇಲೆ ಬಂದಳು. ಮೂವರು ಕಳ್ಳರೂ ಸೇರಿ ಬೈದದ್ದಕ್ಕಿಂತ ಹೆಚ್ಚು ಅವಳೊಬ್ಬಳೇ ಬೈದಳು. ಬಟ್ಟಲು ಸುಮ್ಮನಿತ್ತು.

"ಅಜ್ಜಿ, ಗುಂಡಿ!"

"ಅವಳದ್ದು ಲೆಕ್ಕಕ್ಕಿಲ್ಲ ಕಣೇ. ವಯಸ್ಸಾದೋಳು. ಅಷ್ಟೂ ಬೈಯದಿದ್ರೆ ಗಂಡಸರು ಅಟ್ಟ ಹತ್ತುತಾರಾ?"

ಕಳ್ಳರಲ್ಲೊಬ್ಬ ಹೇರ್‌ಪಿನ್ ತೆಗೆದು ಬೀಗದೊಳಗೆ ತೂರಿಸಿ ಒಂದು ಸುತ್ತು ತಿರುಗಿಸಿದ. ಬೀಗ ತೆರೆಯಿತು. ಮಾವ ಕುರ್ಚಿಯಿಂದ ಎದ್ದೇಬಿಟ್ಟರು.

"ಆಗಲ್ಲ!"

"ತಾತ, ಕೂತ್ಕೊಳ್ಳಿ."

"ಆಗೋದೇ ಇಲ್ಲ ಅಂತೀನಿ. ನಲವತ್ತು ವರ್ಷ ಬೀಗದ ಹೊಟ್ಟೇಲೇ ಬದುಕಿದೀನಿ. ಸೌಟು ತಿರುಗಿಸಿದ ಹಾಗೆ ತಿರುಗಿಸಿದ್ರೆ ಬೀಗ ತೆಗಿಯುತ್ತಾ? ಅದಕ್ಕೂ ಒಂದು ಮರ್ಯಾದೆ ಇದೆ."

ಸೊಸೆ ಬರೆದುಕೊಂಡಳು. ಬೈಗುಳ, ಹಿಂಸೆ, ಕುಡಿತ ಸುಲಭ, ಕಣ್ಣಿಗೆ ಕಾಣುತ್ತವೆ. ಕೊನೆಯ ಕಾಲಂ ಅವಳಿಗೆ ಕಷ್ಟವಾಗಿತ್ತು. ಯಾವುದು ನಗುವಂಥದ್ದು ಎಂಬುದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಜ್ವರ ಬಿಟ್ಟ ಬಾಯಿಗೆ ಉಪ್ಪು ಗೊತ್ತಾಗದ ಹಾಗೆ. ಅದಕ್ಕೆ ಅವಳು ಒಂದು ಉಪಾಯ ಮಾಡಿದಳು. ತೆರೆ ಬಿಟ್ಟು ಮನೆಯವರನ್ನು ನೋಡಿದಳು. ಅವರು ನಕ್ಕಾಗ ಗಡಿಯಾರ ನೋಡಿ ಕಾಗದದ ಹಿಂಬದಿಗೆ ಬರೆದಳು: 'ಇಪ್ಪತ್ತಮೂರನೇ ನಿಮಿಷ, ಅತ್ತೆ. ಮೂವತ್ತೊಂದು, ಮಾವ, ತಡವಾಗಿ.'

ಸಿನಿಮಾ ಶುರುವಾಗಿ ಒಂದು ಗಂಟೆ ಆಗುತ್ತಿದ್ದಂತೆ ಸೂಜಿ ಕೂಗಿದಳು, "ಅಮ್ಮಾ, ನೀರು ಕುಡಿಯೋ ಹೊತ್ತು!"

ಆ ಮಾತಿಗೆ ಮನೆಯ ಕಾಲುಗಳು ಪಳಗಿದ್ದವು. ಏನು, ಯಾಕೆ ಎನ್ನದೆ ಅವಳು ಎದ್ದು ಅಡುಗೆಮನೆಗೆ ಹೋದಳು. ಫಿಲ್ಟರಿನ ನಲ್ಲಿ ಸಣ್ಣಗೆ ಸುರಿಯುತ್ತಿತ್ತು. ಮೂರನೇ ಲೋಟ ತುಂಬುವಾಗ ಟೀವಿ ಕೋಣೆಯಿಂದ ಸೂಜಿಯ ದನಿ ಬಂತು, "ಅದಕ್ಕೆ ನಿಂಬೆಹಣ್ಣು ಹಿಂಡು! ಸಕ್ಕರೆನೂ ಹಾಕು! ಚೆನ್ನಾಗಿ ಕದಡು!"

ತಟ್ಟೆಯಲ್ಲಿ ಲೋಟಗಳನ್ನಿಟ್ಟುಕೊಂಡು ಬಂದಾಗ ತೆರೆಯ ಮೇಲೆ ಒಬ್ಬ ಕಳ್ಳ ತನ್ನದಲ್ಲದ, ಹಳೆಯದಾಗಿ ಜೀರ್ಣವಾದ ದೊಗಲೆ ಅಂಗಿ ತೊಟ್ಟು ಸೀನುತ್ತಿದ್ದ. ಅಂಗಿ ಬೆನ್ನಿನುದ್ದಕ್ಕೂ ಪರ್ರೆಂದು ಹರಿಯಿತು. ಮಾವ ಮೂಗು ಒರೆಸಿಕೊಂಡು "ಧೂಳು, ಧೂಳು" ಅನ್ನುತ್ತಿದ್ದರು. ಅತ್ತೆ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಿದ್ದರು. ಸೊಸೆ ಗಡಿಯಾರ ನೋಡಿ ಬರೆದಳು: 'ಅರವತ್ತೆಂಟು. ಅತ್ತೆ, ಕಣ್ಣಲ್ಲಿ ನೀರು ಬರುವಷ್ಟು.'

ಮುಂದಿನ ಬುಧವಾರ ಲೈಬ್ರರಿಯಲ್ಲಿ ಸಮಿತಿ ಕೂತಿತು. ಸಮಿತಿ ಅಂದರೆ ಮೂರು ಜನ: ದೊಡ್ಡ ಮೇಡಂ, ಸೊಸೆ, ಮತ್ತು ಪೋಷಕರ ಪರವಾಗಿ ಔಷಧಿ ಅಂಗಡಿಯವರು. ಮಕ್ಕಳು ಅವರಿಗೆ 'ಊಟದ ನಂತರ' ಎಂದು ಹೆಸರಿಟ್ಟಿದ್ದರು. ಏನು ಕೇಳಿದರೂ ಅವರ ಮಾತು ಅಲ್ಲೇ ಮುಗಿಯುತ್ತಿತ್ತು.

"ನನ್ನ ವಿರೋಧ ಇದೆ," ಎಂದರು ಅವರು, ಕುರ್ಚಿ ಎಳೆದುಕೊಳ್ಳುವ ಮೊದಲೇ.

"ಸಿನಿಮಾ ನೋಡಿದ್ರಾ ಸಾರ್?" ಎಂದರು ದೊಡ್ಡ ಮೇಡಂ.

"ವಿಷ ಅಂತ ಗೊತ್ತಾಗೋಕೆ ಕುಡಿದೇ ನೋಡಬೇಕಾ ಮೇಡಂ? ಹೇರ್‌ಪಿನ್ ಹಾಕಿ ಬೀಗ ತೆಗೀತಾರಂತೆ. ನಾಳೆ ನಮ್ಮ ಮಕ್ಕಳು ಹೇರ್‌ಪಿನ್ ಹಿಡಿದು ಬೀದಿಗಿಳಿದ್ರೆ ಯಾರು ಜವಾಬ್ದಾರಿ?"

"ಹಾಗೆ ತೆಗೆಯೋಕೆ ಆಗಲ್ಲವಂತೆ ಸಾರ್," ಎಂದಳು ಸೊಸೆ. "ನಮ್ಮ ಮಾವ ಹೇಳಿದ್ರು. ಮಕ್ಕಳು ನೋಡಿದ್ರೂ ಕಲಿಯೋಕೆ ಅದರಲ್ಲಿ ಏನೂ ಇಲ್ಲ."

"ಅವರೇ ಬಂದು ಹೇಳಲಿ," ಎಂದರು ಔಷಧಿ ಅಂಗಡಿಯವರು.

ಶುಕ್ರವಾರ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮರದ ಪೆಟ್ಟಿಗೆ ಹಿಡಿದು ಬಂದರು. ಹೊರಡುವಾಗ ಅತ್ತೆ ಎಚ್ಚರ ಹೇಳಿದ್ದರು, "ಆಗಲ್ಲ ಅಂತ ಹೇಳಿ ಬಂದ್ಬಿಡಿ. ಹೆಚ್ಚಿಗೆ ಏನೂ ಮಾಡ್ಬೇಡಿ." ಮಾವ ತಲೆಯಾಡಿಸಿದ್ದರು. ನಲವತ್ತು ವರ್ಷದಲ್ಲಿ ಅವರನ್ನು ಯಾರೂ ಸಾಕ್ಷಿಗೆ ಕರೆದಿರಲಿಲ್ಲ.

ಮೇಜಿನ ಮೇಲೆ ಒಂದು ಹಳೆ ಬೀಗ ಇಟ್ಟರು. ದೊಡ್ಡ ಮೇಡಂ ತಮ್ಮ ತುರುಬಿನ ಹೇರ್‌ಪಿನ್ನನ್ನೇ ತೆಗೆದುಕೊಟ್ಟರು. ಮಾವ ಅದನ್ನು ಸಿನಿಮಾದಲ್ಲಿ ಮಾಡಿದಂತೆಯೇ ತೂರಿಸಿ ತಿರುಗಿಸಿದರು. ಪಿನ್ನು ಡೊಂಕಾಯಿತು. ಬೀಗ ಅಲುಗಲಿಲ್ಲ.

"ನೋಡಿದ್ರಾ? ಆಗಲ್ಲ. ನಾನು ಹೊರಡ್ತೀನಿ."

ಅಲ್ಲಿಗೆ ಎಲ್ಲ ಸರಿಯಾಗಿತ್ತು. ಔಷಧಿ ಅಂಗಡಿಯವರು ಒಂದು ಮಾತು ಕೇಳದೆ ಇದ್ದಿದ್ದರೆ ಈ ಕಥೆಯೂ ಇಲ್ಲಿಗೇ ಮುಗಿಯುತ್ತಿತ್ತು.

"ಅಂದ್ರೆ ಕೀಲಿ ಇಲ್ದೆ ಬೀಗ ತೆಗೆಯೋಕೆ ನಿಮ್ಮಿಂದಲೂ ಆಗಲ್ಲ ಅನ್ನಿ."

ಮಾವ ಬಾಗಿಲವರೆಗೆ ಹೋದವರು ನಿಂತರು. ಸೊಸೆ "ಮಾವಾ," ಎಂದಳು. ಅವರಿಗೆ ಕೇಳಿಸಲಿಲ್ಲ. ಪೆಟ್ಟಿಗೆ ತೆರೆಯಿತು. ಎರಡು ಸಣ್ಣ ಕಡ್ಡಿಗಳು ಹೊರಬಂದವು. ಮಾವ ಕಣ್ಣು ಮುಚ್ಚಿ ಎಣಿಸತೊಡಗಿದರು. ಹನ್ನೊಂದಕ್ಕೆ ಬೀಗ ಬಾಯಿ ಬಿಟ್ಟಿತು.

"ಓಹೋ!" ಎಂದರು ಔಷಧಿ ಅಂಗಡಿಯವರು. "ಇನ್ನೊಂದ್ಸಲ. ನಿಧಾನಕ್ಕೆ."

ಮಾವ ನಿಧಾನಕ್ಕೆ ಮಾಡಿದರು. ಮಾತಿನಲ್ಲಿ ವಿವರಿಸಿಯೂ ಮಾಡಿದರು. ಆಮೇಲೆ ಔಷಧಿ ಅಂಗಡಿಯವರು ತೋಳು ಮಡಚಿಕೊಂಡು ತಾವೇ ಪ್ರಯತ್ನಿಸಿದರು. ಎಂಟನೇ ಸಲಕ್ಕೆ ಬೀಗ ತೆರೆದಾಗ ಗೆದ್ದ ಹುಡುಗನಂತೆ ಕೂಗಿಕೊಂಡರು. ದೊಡ್ಡ ಮೇಡಂ ಸುಮ್ಮನಿರದೆ, ನಾಲ್ಕು ವರ್ಷದಿಂದ ಕೀಲಿ ಕಳೆದುಹೋಗಿದ್ದ ತಮ್ಮ ಬೀರು ನೆನಪಿಸಿಕೊಂಡರು. ಎಲ್ಲರೂ ಅಲ್ಲಿಗೆ ನಡೆದರು. ಮಕ್ಕಳಿಂದ ಕಿತ್ತಿಟ್ಟ ಬುಗುರಿ, ಪೀಪಿ, ಕವಣೆ, ಅರ್ಧ ಪೊಟ್ಟಣ ಬಿಸ್ಕತ್ತು ಬೆಳಕು ಕಂಡವು. ಪೀಪಿ ಇನ್ನೂ ಊದುತ್ತಿತ್ತು. ಅದನ್ನು ಊದಿ ನೋಡಿದವರು ದೊಡ್ಡ ಮೇಡಂ.

ಆ ಸದ್ದಿಗೆ ಸೊಸೆ ಕಿಟಕಿಯ ಕಡೆ ನೋಡಿದಳು. ಸರಳುಗಳ ಆಚೆ ಸಾಲಾಗಿ ಮುಖಗಳು. ನಡುವೆ ಸೂಜಿ. ಅವಳ ಕಣ್ಣು ತಾತನ ಬೆರಳುಗಳ ಮೇಲಿತ್ತು.

ಮಕ್ಕಳನ್ನು ಓಡಿಸಿ ಬಂದ ದೊಡ್ಡ ಮೇಡಂ ಕನ್ನಡಕ ಸರಿಮಾಡಿಕೊಂಡು ತೀರ್ಪು ಹೇಳಿದರು. "ಸಿನಿಮಾ ಪರವಾಗಿಲ್ಲ ಅನ್ಸುತ್ತೆ. ಹದಿಹರೆಯದವರು ನೋಡಬಾರದ್ದು ನಿಮ್ಮ ಮಾವನವರನ್ನ."

ಸೊಸೆ ಕಾಗದಕ್ಕೆ ಸಹಿ ಹಾಕಿ ಕೊಟ್ಟಳು.

"ಕೊನೆಯ ಕಾಲಂ ಖಾಲಿ ಇದೆಯಲ್ಲ?"

"ಅದನ್ನ ಆಮೇಲೆ ತುಂಬ್ತೀನಿ ಮೇಡಂ."

ಮುಂದಿನ ಮಂಗಳವಾರ ಮಧ್ಯಾಹ್ನ ಮೈದಾನದಲ್ಲಿ ಮಕ್ಕಳು ಚೆಂಡಾಡುತ್ತಿದ್ದರು. ಆಡಿದ್ದು ತಪ್ಪಲ್ಲ. ಆದರೆ ಆಟದ ಸಾಮಾನಿನ ಕೋಣೆಗೆ ಬೀಗ ಹಾಕಿ, ಕೀಲಿ ಜೇಬಿನಲ್ಲಿಟ್ಟುಕೊಂಡು ಆಟದ ಮೇಷ್ಟ್ರು ತಂಗಿಯ ಮದುವೆಗೆ ಹೋಗಿ ಮೂರು ದಿನವಾಗಿತ್ತು. ಹೋಗಿ ನೋಡಿದರೆ ಬೀಗ ಇದ್ದ ಹಾಗೇ ಇತ್ತು.

ಔಷಧಿ ಅಂಗಡಿಯವರು ಅಂಗಡಿಯ ಅರ್ಧ ಬಾಗಿಲು ಎಳೆದು ಓಡಿ ಬಂದರು. "ನಾನು ಹೇಳಲಿಲ್ವಾ? ಸಿನಿಮಾ ಇನ್ನೂ ತೋರಿಸಿಲ್ಲ, ಆಗಲೇ ಹೀಗೆ! ತೋರಿಸಿದ ಮೇಲೆ?"

"ತೋರಿಸದ ಸಿನಿಮಾದಿಂದ ಹೇಗೆ ಸಾರ್ ಕೆಡ್ತಾರೆ?" ಎಂದಳು ಸೊಸೆ.

"ಗಾಳಿಯಲ್ಲಿ ಬರುತ್ತಮ್ಮ. ನೆಗಡಿ ಬರಲ್ವಾ?"

ದೊಡ್ಡ ಮೇಡಂಗೆ ತಮ್ಮ ಪೀಪಿ ನೆನಪಾಗಿರಬೇಕು, ಹೆಚ್ಚು ಮಾತಾಡಲಿಲ್ಲ. ಶನಿವಾರದೊಳಗೆ ಮೂವರೂ ಸಹಿ ಹಾಕಿದರೆ ಸಿನಿಮಾ, ಒಬ್ಬರು ಹಾಕದಿದ್ದರೂ ಜೇನುನೊಣ ಎಂದರು. "ಮತ್ತೆ, ಸಾರ್, ನೀವೂ ಪೂರ್ತಿ ನೋಡಿ ಹೇಳಬೇಕು. ಇವರು ನೋಡಿದಾರೆ. ಅಲ್ವೇನಮ್ಮ?"

"ನೋಡಿದೀನಿ ಮೇಡಂ."

ಅಂದು ಸಂಜೆ ಮಾವ ದೊಡ್ಡ ಮೇಡಂ ಅವರನ್ನು ಕೇಳಿ ಆ ಬೀಗವನ್ನು ಬಿಚ್ಚಿ ಮನೆಗೇ ತಂದಿದ್ದರು. ಊಟದ ಮೇಜಿನ ನಡುವೆ, ಪಲ್ಯದ ಪಾತ್ರೆಯ ಪಕ್ಕ ಅದನ್ನಿಟ್ಟು, ಭೂತಗನ್ನಡಿಯಲ್ಲಿ ನೋಡಿದರು.

"ಒಂದು ಗೀರೂ ಇಲ್ಲ. ತೆಗೆದು, ಮತ್ತೆ ಹಾಕಿ ಹೋಗಿದಾರೆ. ಹೊರಗಿನೋರ ಕೈ ಅಲ್ಲ ಇದು." ಕನ್ನಡಿ ಇಳಿಸಿದರು. "ಸೂಜಿ."

ಸೂಜಿ ಅನ್ನ ಕಲಸುತ್ತಲೇ ಇದ್ದಳು.

"ಸೂಜಿ, ಇತ್ಲಾಗೆ ನೋಡು."

"ಚೆಂಡು ಬೇಕಿತ್ತು ತಾತ. ಮೂರು ದಿನದಿಂದ ಆಟ ಇಲ್ಲ. ಚೆಂಡು ಒಳಗೆ, ಕೀಲಿ ಮದುವೆ ಮನೇಲಿ. ಆಡಿ ವಾಪಸ್ ಇಡ್ತಿದ್ದೆ."

"ಬೇರೆಯವರ ಬೀಗ ಅವರನ್ನ ಕೇಳದೆ ಮುಟ್ಟೋದು ಕಳ್ಳರು. ಕೇಳಿ ಮುಟ್ಟೋದು ನಾವು. ನಮ್ಮ ಕಸುಬಿಗೂ ಕಳ್ಳತನಕ್ಕೂ ಇರೋದು ಅದೊಂದೇ ಮಾತು. ತಿಳೀತಾ?"

"ತಿಳೀತು."

"ನಾಳೆ ಬೆಳಿಗ್ಗೆ ನೀನೇ ಹೋಗಿ ದೊಡ್ಡ ಮೇಡಂಗೆ ಹೇಳ್ತೀಯ," ಎಂದಳು ಸೊಸೆ.

"ಹೇಳಿದ್ರೆ ಸಿನಿಮಾ ಹೋಗುತ್ತೆ ಅಮ್ಮ!"

"ಹೋಗಬಹುದು."

"ನೀನು ಯಾವಾಗಲೂ ಹೀಗೇ. ಹೋದ್ರೆ ಹೋಗಲಿ, ಇದ್ರೆ ಇರಲಿ! ನಿನಗೆ ಏನಾದ್ರೂ ಬೇಕು ಅಂತ ಅನಿಸುತ್ತಾ?"

ಅತ್ತೆ ಸಾರಿನ ಪಾತ್ರೆಯನ್ನು ಸುಮ್ಮನೆ ಆ ಕಡೆಯಿಂದ ಈ ಕಡೆಗಿಟ್ಟರು. ಮಾವ ಬೀಗವನ್ನು ಎತ್ತಿ, ಮತ್ತೆ ಇಟ್ಟು, ತಡೆಯಲಾರದೆ ಕೇಳಿಯೇಬಿಟ್ಟರು.

"ಎಷ್ಟು ಎಣಿಕೆಗೆ ತೆಗೆದೆ?"

"...ಹದಿನೆಂಟು."

"ನಿಧಾನ ಆಯ್ತು."

"ರೀ!" ಎಂದರು ಅತ್ತೆ.

ಸೊಸೆಯ ಗಂಟಲಿನಿಂದ ಒಂದು ಸದ್ದು ಬಂತು. ಬಿಕ್ಕಳಿಕೆ ಎಂದು ತಿಳಿದು ಅತ್ತೆ ಲೋಟ ಮುಂದಿಟ್ಟರು. ಅದು ಬಿಕ್ಕಳಿಕೆ ಆಗಿರಲಿಲ್ಲ. ಎರಡನೇ ಸಲ ಬಂದಾಗ ಅದು ನಗು ಎಂದು ಅತ್ತೆಗೂ ಗೊತ್ತಾಯಿತು. ಅವರು ಅನ್ನ ಬಡಿಸಿದರು, ಎಂದಿಗಿಂತ ಒಂದು ಸೌಟು ಜಾಸ್ತಿ.

ಬೆಳಿಗ್ಗೆ ಸೂಜಿ ಹೋಗಿ ಹೇಳಿದಳು. ಶಿಕ್ಷೆ: ವಾರವಿಡೀ ಆಟದ ಕೋಣೆ ಗುಡಿಸುವುದು, ಶಾಲೆಯ ಎಲ್ಲ ಚೆಂಡುಗಳಿಗೂ ಗಾಳಿ ತುಂಬುವುದು. "ಸಿನಿಮಾದ ಮಾತು ಸಮಿತಿಗೆ ಬಿಟ್ಟದ್ದು," ಎಂದಿದ್ದರಂತೆ ದೊಡ್ಡ ಮೇಡಂ.

ಗುರುವಾರ ಔಷಧಿ ಅಂಗಡಿಯವರು ಲೈಬ್ರರಿಗೆ ಬಂದರು. ಕೈಯಲ್ಲಿ ಮಡಚಿದ ಹಾಳೆಗಳು. ಆಕ್ಷೇಪಣೆಗಳ ಪಟ್ಟಿ ಇರಬೇಕು ಎಂದುಕೊಂಡಳು ಸೊಸೆ. ಅವರು ಹಾಳೆ ಬಿಚ್ಚಲೇ ಇಲ್ಲ.

"ನೋಡ್ದೆ. ಬರೆಯೋಣ ಅಂತ ಪೆನ್ನು ಹಿಡ್ಕೊಂಡೇ ಕೂತಿದ್ದೆ. ಆ ಮುದುಕಿ ನಲ್ಲಿ ರಿಪೇರಿ ಮಾಡಿಸೋಷ್ಟರಲ್ಲಿ ಪೆನ್ನು ಎಲ್ಲೋ ಬಿದ್ದೋಯ್ತು. ನನ್ನ ಹೆಂಡತಿ, ನೀವು ಇಷ್ಟು ನಕ್ಕಿದ್ದು ನಾನು ಕಂಡೇ ಇಲ್ಲ ಅಂದಳು." ದನಿ ತಗ್ಗಿಸಿದರು. "ಆದ್ರೆ ಆ ಅಂಗಿ ಜಾಗದಲ್ಲಿ, ಸುಳ್ಳು ಯಾಕೆ ಹೇಳಲಿ, ಕಣ್ಣಲ್ಲಿ ನೀರು ಬಂತಮ್ಮ."

"ಯಾವ ಅಂಗಿ ಸಾರ್?"

"ಅದೇ, ಮುದುಕಿ ಸತ್ತುಹೋದ ಗಂಡನ ಅಂಗಿ ತೆಗೆದು ಆ ಕಳ್ಳನಿಗೆ ಹಾಕ್ತಾಳಲ್ಲ. ಹತ್ತು ನಿಮಿಷ ಬರುತ್ತೆ. ನೀವು ಪೂರ್ತಿ ನೋಡಿದೀರಲ್ಲ?"

ಸೊಸೆ ಕೈಯಲ್ಲಿದ್ದ ಪುಸ್ತಕವನ್ನು ತಪ್ಪು ಕಪಾಟಿನಲ್ಲಿಟ್ಟಳು.

ಮನೆಗೆ ಬಂದವಳು ಚೀಲ ಇಳಿಸದೆ ಮಗಳ ಎದುರು ನಿಂತಳು. ಸೂಜಿ ಅಜ್ಜಿಯ ಹೊಲಿಗೆ ಯಂತ್ರದ ಪಕ್ಕ ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದಳು.

"ಆವತ್ತು ನನ್ನನ್ನ ನೀರಿಗೆ ಯಾಕೆ ಕಳಿಸಿದೆ?"

"ಬಾಯಾರಿತ್ತು."

"ನಿಂಬೆಹಣ್ಣು?"

ಸೂಜಿ ಒಂದು ಕೋಟಿನ ಗುಂಡಿಯನ್ನು ತಿರುಗಿಸಿ ನೋಡಿದಳು. "ಆ ಹತ್ತು ನಿಮಿಷ ನಿನಗೆ ಯೋಗ್ಯ ಅಲ್ಲ ಅನಿಸ್ತು. ಅಪ್ಪ ಇದ್ದಿದ್ರೂ ಹಾಗೇ ಮಾಡ್ತಿದ್ದ."

"ಪೂರ್ತಿ ನೋಡಿದೀನಿ ಅಂತ ಸಹಿ ಹಾಕಿದೀನಿ ಕಣೇ! ನಿನಗೆ ಬೀಗ ಮುಟ್ಟಬೇಡ ಅಂತ ಬುದ್ಧಿ ಹೇಳಿದೋಳು ನಾನು ಸುಳ್ಳು ಸಹಿ ಹಾಕಿ ಕೂತಿದೀನಿ."

"ಹಾಗಾದ್ರೆ ನೀನೂ ಹೋಗಿ ಚೆಂಡಿಗೆ ಗಾಳಿ ತುಂಬು."

ಹೊಲಿಗೆ ಯಂತ್ರ ನಿಂತಿತು. ಅತ್ತೆ ದಾರವನ್ನು ಹಲ್ಲಿನಿಂದ ಕಡಿದರು.

"ಆ ಜಾಗದಲ್ಲಿ ಎದ್ದು ಹೋಗಬೇಕಾದೋಳು ನಾನೂ ಇದ್ದೆ," ಎಂದರು. "ನನಗ್ಯಾರೂ ನೀರು ಕುಡಿ ಅನ್ನಲಿಲ್ಲ."

ಸೂಜಿಯ ಬೆರಳು ಗುಂಡಿಗಳ ನಡುವೆ ನಿಂತಿತು. ಅವಳು ಅಜ್ಜಿಯನ್ನು ನೋಡಿದಳು, ಮೊದಲ ಸಲ ಕಂಡವಳಂತೆ. ಸೊಸೆಗೆ ತನ್ನ ಕಾಗದದ ಒಂದು ಸಾಲು ನೆನಪಾಯಿತು. ಅರವತ್ತೆಂಟನೇ ನಿಮಿಷ. ಅದನ್ನು ಅವಳು ನಗುವಿನ ಲೆಕ್ಕದಲ್ಲಿ ಬರೆದಿದ್ದಳು.

ಅವಳು ಚೀಲ ಕೆಳಗಿಟ್ಟಳು. "ಬನ್ನಿ ಅತ್ತೆ. ಟೀವಿ ಹಾಕೇ, ಸೂಜಿ."

ಮೂವರೂ ಒಂದೇ ಸೋಫಾದಲ್ಲಿ ಒತ್ತಿಕೊಂಡು ಕೂತರು. ತೆರೆಯ ಮೇಲೆ ಮುದುಕಿ ಬೀರುವಿನಿಂದ ಅಂಗಿ ತೆಗೆದಳು. ಕಳ್ಳನ ಅಂಗಿ ಅಟ್ಟದ ಮೊಳೆಗೆ ಸಿಕ್ಕಿ ಹರಿದಿತ್ತು. ಮುದುಕಿ ಅಂಗಿ ತೊಡಿಸಿ, ತೋಳು ಎಳೆದು ಸರಿಮಾಡಿ, "ಕುತ್ತಿಗೆ ಗುಂಡಿ ಹಾಕ್ಕೋ. ಅವರು ಯಾವಾಗಲೂ ಮರೀತಿದ್ರು," ಎಂದಳು. ಅಂಗಿ ಕಳ್ಳನಿಗೆ ದೊಡ್ಡದಾಯಿತು. ಅವನು ಮೊದಲ ಸಲ ಸುಮ್ಮನೆ ನಿಂತಿದ್ದ. ಮುದುಕಿ ಅವನ ಸುತ್ತ ಒಂದು ಸುತ್ತು ಬಂದಳು. "ನೀನು ಅವರಿಗಿಂತ ಗಿಡ್ಡ. ಪರವಾಗಿಲ್ಲ, ಅಂಗಿ ಮಾತಾಡಲ್ಲ," ಎಂದಳು. ಭುಜದ ಮೇಲಿನ ಧೂಳು ಕೊಡವಿದಳು. ಆಮೇಲೆ ಅವನು ಸೀನಿದ.

ಸೊಸೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಲೇ ನಕ್ಕಳು. ಅಂಗಿ ಹರಿದ ಸದ್ದಿಗೆ ನಕ್ಕಳು, ಮುದುಕಿ ಬೈದ ಬೈಗುಳಕ್ಕೆ ನಕ್ಕಳು. ಅತ್ತೆ ಕೈಗೆ ಸಿಕ್ಕ ಕೋಟಿನ ಗುಂಡಿಯನ್ನು ಬಟ್ಟಲಿಗೆ ಹಾಕಿ, "ಇದು ಮಾತ್ರ ದೊಡ್ಡ ಬೈಗುಳ," ಎಂದರು.

ಶುಕ್ರವಾರ ಸೊಸೆ ದೊಡ್ಡ ಮೇಡಂ ಹತ್ತಿರ ಹೋಗಿ, ಹತ್ತು ನಿಮಿಷದ ಸಂಗತಿ ಹೇಳಿ, ಹಳೆಯ ಕಾಗದ ವಾಪಸು ಪಡೆದು ಹೊಸದು ಬರೆದಳು. ಹಿಂಸೆ: ಒಂದು ಅಂಗಿ. ಬೈಗುಳ: ಹದಿನೇಳು ಗುಂಡಿ, ಮುದುಕಿಯದು ಸೇರಿಲ್ಲ. ತಪ್ಪಿಗೆ ಶಿಕ್ಷೆ: ಮೂವರಿಗೆ ಆಗುತ್ತದೆ, ಒಬ್ಬರಿಗೆ ಆಗುವುದಿಲ್ಲ; ಅದರ ಬಗ್ಗೆ ಮಕ್ಕಳೊಂದಿಗೆ ಜಗಳವಾಡಬಹುದು. ಹಾಸ್ಯ ಆರೋಗ್ಯಕರವೇ: ಹೌದು, ಸ್ವತಃ ನಕ್ಕು ನೋಡಿದ್ದೇನೆ. ಶಿಫಾರಸು: ಹದಿಮೂರು ದಾಟಿದವರು ನೋಡಬಹುದು. ದೊಡ್ಡವರು ಜೊತೆಗಿರಲಿ, ಅವರ ಮೇಲೂ ಒಂದು ಕಣ್ಣಿರಲಿ.

ಔಷಧಿ ಅಂಗಡಿಯವರು ಓದಿ, ಕೆಳಗೆ ತಮ್ಮ ಸಹಿ ಹಾಕಿದರು. ಪೆನ್ನು ಮುಚ್ಚುವ ಮೊದಲು ಒಂದು ಸಾಲು ಸೇರಿಸಿದರು: 'ಊಟದ ನಂತರ.'

ಪರೀಕ್ಷೆ ಮುಗಿದ ಶನಿವಾರ ಮಧ್ಯಾಹ್ನ, ಎಲ್ಲರ ಊಟವಾದ ಮೇಲೆ, ಶಾಲೆಯ ಸಭಾಂಗಣದ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದರು. ಹೊಲಿದುಕೊಟ್ಟವರು ಅತ್ತೆ. ಮಕ್ಕಳು ಮುಂದೆ, ಸಮಿತಿಯವರೂ ಮನೆಯವರೂ ಹಿಂದೆ. ಸೂಜಿ ಮೊದಲ ಸಾಲಿನಲ್ಲಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಹೇರ್‌ಪಿನ್ ಬೀಗದೊಳಗೆ ಹೋದಾಗ ಹಿಂದಿನ ಸಾಲಿನಿಂದ ಮಾವನ ದನಿ ಬಂತು, "ಆಗ್—" ಮಕ್ಕಳೆಲ್ಲ ಒಟ್ಟಿಗೆ ಮುಗಿಸಿದರು, "—ಅಲ್ಲ!" ಔಷಧಿ ಅಂಗಡಿಯವರ ದನಿಯೂ ಅದರಲ್ಲಿತ್ತು.

ಸಿನಿಮಾ ಶುರುವಾಗಿ ಒಂದು ಗಂಟೆಯಾಯಿತು. ಮುದುಕಿ ಬೀರುವಿನ ಕಡೆ ನಡೆದಳು. ಮೊದಲ ಸಾಲಿನಲ್ಲಿ ಒಂದು ತಲೆ ಹಿಂದಕ್ಕೆ ತಿರುಗಿ ಕತ್ತಲಲ್ಲಿ ಹುಡುಕಿತು.

ಸೊಸೆ ಏಳಲಿಲ್ಲ. ಕಾಲ ಬಳಿ ಇದ್ದ ನೀರಿನ ಬಾಟಲಿ ಎತ್ತಿ, ಮಗಳಿಗೆ ಕಾಣುವಷ್ಟು ಮೇಲೆ ಹಿಡಿದಳು. ಕೂತಲ್ಲೇ ಒಂದು ಗುಟುಕು ಕುಡಿದಳು. ಆ ತಲೆ ಮತ್ತೆ ತೆರೆಯ ಕಡೆ ತಿರುಗಿತು.

ಪಕ್ಕದಲ್ಲಿ ಅತ್ತೆ, ಕಣ್ಣು ತೆರೆಯ ಮೇಲಿಟ್ಟೇ, ಕೈ ಚಾಚಿದರು.

"ನನಗೂ ಒಂದು ಗುಟುಕು ಕೊಡೇ."